ಅರಿಷಿಣ ಹಚ್ಚಿದ ಕಾಗದ

ಯಾವ ಕಾಗದ ಉಳಿಯಬೇಕು, ಯಾವುದು ರದ್ದಿಗೆ ಹೋಗಬೇಕು ಎಂಬುದನ್ನು ನಮ್ಮ ದವಾಖಾನೆಯಲ್ಲಿ ಅರಿಷಿಣ ತೀರ್ಮಾನಿಸುತ್ತಿತ್ತು. ನಗಬೇಡಿ. ದೊಡ್ಡ ಡಾಕ್ಟರು ಬೈಲಹೊಂಗಲದಲ್ಲಿ ಈ ದವಾಖಾನೆ ತೆರೆದಾಗಿನಿಂದ ಅದೇ ಪದ್ಧತಿ. ಲಗ್ನಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚುತ್ತಾರಲ್ಲ, ಹಾಗೆಯೇ ಎಂದೆಂದಿಗೂ ಬೇಕಾಗುವ ಕೇಸ್ ಪೇಪರಿನ ಮೂಲೆಗೆ ಅವರು ಹೆಬ್ಬೆರಳಿನಿಂದ ಅರಿಷಿಣ ತೀಡುತ್ತಿದ್ದರು. ದೊಡ್ಡ ಆಪರೇಷನ್ ಆದವರು, ವಿಚಿತ್ರ ಕಾಯಿಲೆಯವರು, ಮದ್ದು ಮೈಗೆ ಒಗ್ಗದವರು, ಇವರೆಲ್ಲ ಅರಿಷಿಣದವರು. ಉಳಿದವರ ಕಾಗದ ಹತ್ತು ವರ್ಷ ಇದ್ದು ರದ್ದಿಗೆ ಹೋಗುತ್ತಿತ್ತು. ಓದು ಬಾರದ ಆಯಾ ಕೂಡ ಕಟ್ಟು ಬಿಚ್ಚಿ ಹಳದಿ ಮೂಲೆಯವನ್ನು ಬೇರೆ ಇಡಬಲ್ಲವಳಾಗಿದ್ದಳು.

ನಾನು ಅಲ್ಲಿಯ ಆಫೀಸು ನೋಡಿಕೊಳ್ಳುತ್ತಿದ್ದೆ. ಹೆಸರು ನೀಲಾಂಬಿಕಾ. ಎದುರಿಗೆ ನೀಲಕ್ಕಾರ ಅನ್ನುತ್ತಿದ್ದರು, ಬೆನ್ನ ಹಿಂದೆ ಏನನ್ನುತ್ತಿದ್ದರು ಅನ್ನುವುದೂ ನನಗೆ ಗೊತ್ತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಿರದಿದ್ದರೆ ಆ ದವಾಖಾನೆಯಲ್ಲಿ ಒಂದು ಕಾಗದವೂ ತನ್ನ ಜಾಗದಲ್ಲಿ ಇರುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಸಂಪಗಾಂವದ ಬಾಯವ್ವನ ಕಾಗದದ ಸಂಗತಿ. ತೊಂಬತ್ನಾಲ್ಕರಲ್ಲಿ ಆಕೆಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಎಚ್ಚರ ತಪ್ಪಿಸುವಾಗ ಮೈ ಸಡಿಲಾಗಲೆಂದು ಒಂದು ಇಂಜೆಕ್ಷನ್ ಕೊಡುತ್ತಾರೆ. ಎಲ್ಲರಿಗೂ ಅದರ ಅಮಲು ಐದು ನಿಮಿಷದಲ್ಲಿ ಇಳಿಯುತ್ತದೆ. ಬಾಯವ್ವನಿಗೆ ಇಳಿಯಲೇ ಇಲ್ಲ. ಆಪರೇಷನ್ ಮುಗಿದರೂ ಆಕೆ ತಾನಾಗಿ ಉಸಿರಾಡಲಿಲ್ಲ. ಆಗ ನಮ್ಮಲ್ಲಿ ಉಸಿರಾಟದ ಯಂತ್ರ ಎಲ್ಲಿಯದು? ಬಾಯಿಗೆ ನಳಿಕೆ ಇಟ್ಟು, ಅದರ ತುದಿಯ ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ತುಂಬಬೇಕು. ಡಾಕ್ಟರು ಒತ್ತಿದರು, ನರ್ಸ್ ಒತ್ತಿದಳು, ಅವರ ಕೈ ಸೋತಾಗ ಆಂಬುಲೆನ್ಸ್ ಡ್ರೈವರ್ ಹಸನಸಾಬ ಒತ್ತಿದ. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೂ ಹೆಚ್ಚಿನ ಪಾಳಿ ಅವನದೇ. ಕೊನೆಗೆ ಬಾಯವ್ವ ಉಸಿರು ಎಳೆದುಕೊಂಡಳು.

ದೊಡ್ಡ ಡಾಕ್ಟರು ಆ ಇಂಜೆಕ್ಷನ್ನಿನ ಹೆಸರು, ಕೊಟ್ಟ ಪ್ರಮಾಣ, ಆದದ್ದನ್ನೆಲ್ಲ ಕಾಗದದಲ್ಲಿ ಬರೆದು, ಮೂಲೆಗೆ ಅರಿಷಿಣ ತೀಡಿದರು. ಬಾಯವ್ವನಿಗೂ ತಿಳಿಸಿ ಹೇಳಿದರು: "ಇದು ರಕ್ತದಾಗ ಬರೂವಂಥಾದ್ದವಾ. ನಿನ್ನ ಮಕ್ಕಳಿಗೂ ಇರಬಹುದು. ಅವರಿಗೆ ಯಾವಾಗ ಆಪರೇಷನ್ ಆದರೂ ಮೊದಲ ಈ ಕಾಗದಾ ತಗಸು." ಬಾಯವ್ವ ಆ ಮಾತನ್ನು ಮರೆಯಲಿಲ್ಲ. ಇಂಜೆಕ್ಷನ್ನಿನ ಹೆಸರು ಬರೆದುಕೊಟ್ಟ ಚೀಟಿಯನ್ನು ಮಾತ್ರ ಮನೆಯ ಮಾಳಿಗೆ ಸೋರಿದ ವರ್ಷ ಕಳೆದುಕೊಂಡಳು. ಕಾಗದ ದವಾಖಾನೆಯಲ್ಲಿದೆ ಎಂದು ನೆಮ್ಮದಿಯಾಗಿದ್ದಳು.

ದೊಡ್ಡ ಡಾಕ್ಟರು ತೀರಿಕೊಂಡ ಮೇಲೆ ಅವರ ಸೊಸೆ ದವಾಖಾನೆ ನಡೆಸತೊಡಗಿದರು. ಹೆರಿಗೆ ಡಾಕ್ಟರು. ನಾವು ಡಾಕ್ಟರಬಾಯಿ ಅನ್ನುತ್ತಿದ್ದೆವು. ಎರಡು ಸಾವಿರದ ಆರರ ಬೇಸಗೆಯಲ್ಲಿ ರೆಕಾರ್ಡ್ ಕೋಣೆಗೆ ಗೆದ್ದಲು ಬಿತ್ತು. ಒಂದು ಕಟ್ಟು ಎತ್ತಿದರೆ ಕೈಗೆ ಮಣ್ಣು ಬಂತು. ನಾನು ಕೂಗಾಡಿದ್ದು ಸಂತೆಪೇಟೆಯವರೆಗೂ ಕೇಳಿಸಿತಂತೆ. ಟ್ರಸ್ಟಿನ ಕಮಿಟಿ ಕೂಡಿ, ಎಲ್ಲ ಕಾಗದವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವುದು, ಮೂಲ ಕಾಗದ ತೆಗೆದುಬಿಡುವುದು ಎಂದು ಠರಾವು ಮಾಡಿತು. ಕೆಲಸಕ್ಕೆ ಬಂದವನು ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಶಾನವಾಜ. ಸವದತ್ತಿ, ರಾಮದುರ್ಗದವರೆಗೂ ತನ್ನ ಮೋಟರ್ ಸೈಕಲ್ಲಿನ ಮೇಲೆ ತಿರುಗಿ ಕೆಲಸ ಹಿಡಿಯುತ್ತಿದ್ದ. ನೋಡಲಿಕ್ಕೆ ಕಡ್ಡಿ, ಮಾತು ಮಾತ್ರ ಚುರುಕು.

ಅವನು ತಂದಿಟ್ಟದ್ದು ಕರಿಯ ಪೆಟ್ಟಿಗೆ. ರೊಟ್ಟಿ ಡಬ್ಬಿಗಿಂತ ತುಸು ದೊಡ್ಡದು. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ, ಎದುರಿಗೆ ಎರಡು ಹಸಿರು ದೀಪ, ಹಿಂದೆ ಸದಾ ತಿರುಗುವ ಒಂದು ಫ್ಯಾನು. ಅದರಿಂದ ನೀಲಿ ವೈರುಗಳು ಹೊರಟು ನನ್ನ ಮೇಜಿಗೆ, ಡಾಕ್ಟರಬಾಯಿ ಕೋಣೆಗೆ, ಆಪರೇಷನ್ ಥಿಯೇಟರಿನ ಹೊರಗಿನ ಕಂಪ್ಯೂಟರಿಗೆ ಹೋದವು.

"ಇದು ನಿಮ್ಮ ಕಪಾಟ ಇದ್ಹಂಗ ನೋಡ್ರಿ ಅಕ್ಕಾರ," ಎಂದ ಶಾನವಾಜ. "ಯಾವ ಕೋಣ್ಯಾಗ ಕುಂತರೂ ಬಾಗಲಾ ತಗದು ಕಾಗದಾ ನೋಡಬಹುದು. ಒಳಗ ಎರಡ ಡಿಸ್ಕ್ ಅದಾವ. ಒಂದರಾಗ ಬರದದ್ದ ಇನ್ನೊಂದರಾಗೂ ಬರಿತೈತಿ. ಒಂದ ಕೆಟ್ಟರ ಇನ್ನೊಂದ ಇರತೈತಿ."

"ಗೆದ್ದಲಾ?"

"ಗೆದ್ದಲಕ್ಕ ಇದರಾಗ ತಿನ್ನಾಕ ಏನೂ ಸಿಗಂಗಿಲ್ರಿ."

ಹತ್ತು ವರ್ಷದ ನಿಯಮವನ್ನೂ ಅವನು ಪೆಟ್ಟಿಗೆಗೆ ಕಲಿಸಿದ. ಒಳಗೆ ಎರಡು ಖಾನೆ. ಒಂದರ ಹೆಸರು 'ಶಾಶ್ವತ', ಇನ್ನೊಂದರ ಹೆಸರು 'ಹತ್ತು ವರ್ಷ'. ಪ್ರತಿ ತಿಂಗಳ ಒಂದನೇ ತಾರೀಖಿನ ರಾತ್ರಿ ಪೆಟ್ಟಿಗೆ ತಾನೇ ಎರಡನೇ ಖಾನೆ ನೋಡಿ, ಹತ್ತು ವರ್ಷ ದಾಟಿದ್ದನ್ನು ಅಳಿಸಿಹಾಕುತ್ತದೆ. ಯಾರೂ ಕೈ ಹಚ್ಚಬೇಕಾಗಿಲ್ಲ. ಕಮಿಟಿಯವರಿಗೆ ಅದು ಬಹಳ ಹಿಡಿಸಿತು. ಕೆಲಸ ತಾನಾಗಿ ಆಗುತ್ತದೆ ಎಂದರೆ ಯಾವ ಕಮಿಟಿಗೆ ಹಿಡಿಸುವುದಿಲ್ಲ?

ಸ್ಕ್ಯಾನ್ ಮಾಡಲು ಶಾನವಾಜನ ತಂಗಿ ಸಿಮ್ರನ ಬಂದಳು. ಬಣ್ಣದಲ್ಲಿ ಮಾಡಿದರೆ ಜಾಗ ಬಹಳ ತಿನ್ನುತ್ತದೆ, ಬರವಣಿಗೆ ಓದಲಿಕ್ಕೆ ಕಪ್ಪು-ಬಿಳಿ ಸಾಕು ಎಂದು ಶಾನವಾಜ ಹೇಳಿದ, ಎಲ್ಲರೂ ಹೌದೆಂದೆವು. ಮೊದಲು ಎಲ್ಲವನ್ನೂ ಒಂದೇ ಕಡೆ ಸ್ಕ್ಯಾನ್ ಮಾಡುವುದು, ಆಮೇಲೆ ಪರದೆಯ ಮೇಲೆ ನೋಡುತ್ತ ಅರಿಷಿಣ ಇದ್ದವನ್ನು 'ಶಾಶ್ವತ'ಕ್ಕೆ, ಉಳಿದವನ್ನು 'ಹತ್ತು ವರ್ಷ'ಕ್ಕೆ ಹಾಕುವುದು ಎಂದು ಠರಾವಾಯಿತು. ಹುಡುಗಿ ಮೂರು ತಿಂಗಳು ಬಗ್ಗಿಸಿದ ತಲೆ ಎತ್ತದೆ ದುಡಿದಳು. ಶಾಶ್ವತದ ಖಾನೆಯಲ್ಲಿ ಒಂದಷ್ಟು ಕಾಗದ ಸೇರಿದವು, ಇನ್ನೊಂದರಲ್ಲಿ ಬಹಳಷ್ಟು. ಗೆದ್ದಲು ತಿಂದು ಉಳಿದ ಮೂಲ ಕಾಗದವನ್ನು ರದ್ದಿಯವನು ಟೆಂಪೋದಲ್ಲಿ ಹೇರಿಕೊಂಡು ಹೋದ. ಸೆಪ್ಟೆಂಬರ್ ಕೊನೆಗೆ ಶಾನವಾಜ ನಿಯಮವನ್ನು ಚಾಲೂ ಮಾಡಿದ. ನಾನು ಖಾಲಿ ರೆಕಾರ್ಡ್ ಕೋಣೆ ಗುಡಿಸಿಸಿ, ಬಾಗಿಲಿಗೆ ತೋರಣ ಕಟ್ಟಿಸಿದೆ.

ಅಷ್ಟರಲ್ಲಿ ದಸರೆ ಬಂತು.

ನಮ್ಮ ಕಡೆ ನವಮಿಯ ದಿನ ಖಂಡೇ ಪೂಜೆ. ಯಾರ ಅನ್ನಕ್ಕೆ ಯಾವ ಸಾಧನವೋ ಅದನ್ನು ತೊಳೆದು, ವಿಭೂತಿ ಎಳೆದು, ಹೂ ಏರಿಸಿ ಪೂಜಿಸುತ್ತಾರೆ. ಮರುದಿನ ಬನ್ನಿ ಕೊಡುವವರೆಗೆ ಅದನ್ನು ದುಡಿಸುವುದಿಲ್ಲ. ದವಾಖಾನೆಯಲ್ಲಿ ಅಷ್ಟು ಕಟ್ಟುನಿಟ್ಟು ನಡೆಯುವುದಿಲ್ಲ. ಆಂಬುಲೆನ್ಸ್, ಥಿಯೇಟರಿನ ಸಾಮಾನು, ಫ್ರಿಜ್ಜು, ಟಿ.ವಿ. ಹೂ ಏರಿಸಿಕೊಂಡೇ ದುಡಿಯುತ್ತವೆ. ಉಳಿದದ್ದಕ್ಕೆ ವಿಶ್ರಾಂತಿ. ಈ ಪೂಜೆಯ ಯಜಮಾನಿಕೆ ಹಸನಸಾಬನದು. ಯಾಕೆ ಅವನದು ಎಂದು ಯಾರೂ ಕೇಳಿದವರಲ್ಲ. ಗಾಡಿ ಅವನದು, ಗಾಡಿಯ ಪೂಜೆ ಅವನದು, ಅದರ ಜೊತೆಗೆ ಉಳಿದವೂ ಅವನ ಪಾಲಿಗೆ ಬಂದಿದ್ದವು. ಆ ವರ್ಷ ರಂಜಾನ್ ತಿಂಗಳೂ ಕೂಡಿ ಬಂದಿತ್ತು. ರೋಜಾ ಹಿಡಿದು, ಬಾಯಿಗೆ ಹನಿ ನೀರೂ ಹಾಕದೆ ಅವನು ಬೆಳಗಿನಿಂದ ಗಾಡಿ ತೊಳೆದು, ಚಂಡು ಹೂವಿನ ಮಾಲೆ ಕಟ್ಟಿ, ಗಾಲಿಯಡಿ ಲಿಂಬೆಹಣ್ಣು ಇಟ್ಟ.

ಭಾನುವಾರ ಸಂಜೆ ಒಂದು ಬಿಲ್ಲು ನೋಡಬೇಕಾಗಿ ನಾನು ಆಫೀಸಿಗೆ ಬಂದೆ. ಕಂಪ್ಯೂಟರ್ ಹಚ್ಚಿದರೆ ಒಂದು ಕಾಗದವೂ ತೆರೆಯಲಿಲ್ಲ. ರೆಕಾರ್ಡ್ ಕೋಣೆಗೆ ಹೋಗಿ ನೋಡುತ್ತೇನೆ, ನಮ್ಮ ಹೊಸ ಪೆಟ್ಟಿಗೆಗೆ ಮೂರು ಎಳೆ ವಿಭೂತಿ, ಮೇಲೊಂದು ಕುಂಕುಮದ ಬೊಟ್ಟು, ಕೊರಳಿಲ್ಲದಿದ್ದರೂ ಕೊರಳ ತುಂಬ ಮಾಲೆ. ಎದುರಿನ ಹಸಿರು ದೀಪಗಳು ಆರಿದ್ದವು. ಫ್ಯಾನು ನಿಂತಿತ್ತು. ಪಕ್ಕದಲ್ಲಿ ಒಡೆದ ತೆಂಗಿನಕಾಯಿ.

"ಹಸನಸಾಬ!"

ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ.

"ಇದನ್ಯಾರು ಬಂದ್ ಮಾಡಿದ್ರು?"

"ನಾನರಿ. ಪೂಜಿ ಮಾಡಿದ ಮ್ಯಾಲ ವಿಶ್ರಾಂತಿ ಕೊಡಬೇಕಲ್ರಿ."

"ಇದೇನ ನಿಮ್ಮ ಗಾಡಿ ಏನ್ರಿ? ಕಂಪ್ಯೂಟರಿಗಿ ಕಾಯಿ ಒಡಿತಾರ ಯಾರರೇ? ಒಳಗ ನೀರ ಹೋಗಿದ್ದರ? ಊರ ಮಂದಿ ಕಾಗದೆಲ್ಲಾ ಇದರಾಗ ಅದಾವ!"

"ಕಾಯಿ ಹೊರಗ ಮೆಟ್ಟಲದ ಮ್ಯಾಲ ಒಡದೇನ್ರಿ. ನೀರ ಹೂವಿನ್ಲೇ ಒಂದ ಹನಿ ಸಿಡಿಸೇನಿ, ಅಷ್ಟ. ಬಂದ್ ಮಾಡೂದೂ ಸುಮ್ನ ಮಾಡಿಲ್ರಿ. ಡೀಸೆಲ್ ತೀರಿ ಜನರೇಟರ್ ನಿಂತರ ಹ್ಯಾಂಗ ಬಂದ್ ಮಾಡಬೇಕಂತ ಶಾನವಾಜ ತೋರಿಸಿಕೊಟ್ಟಾನ. ಗುಂಡಿ ಒತ್ತಿ ಹಿಡದು, ದೀಪ ಆರೂತನಕಾ ಕಾದೇನಿ."

ನಾನು ಗುಂಡಿಗೆ ಕೈ ಚಾಚಿದೆ. ಅವನು ನನ್ನ ಕೈ ಹಿಡಿಯಲಿಲ್ಲ, ಆದರೆ ಎರಡೂ ಕೈ ಮುಗಿದ. "ನಾಳಿ ಬನ್ನಿ ಕೊಡೂತನಕಾ ಇರ್ಲಿ ಬಿಡ್ರಿ ಅಕ್ಕಾರ. ಒಂದ ದಿನದ ಮಾತು." ಅಷ್ಟರಲ್ಲಿ ಡಾಕ್ಟರಬಾಯಿ ಗದ್ದಲ ಕೇಳಿ ಬಂದರು. ಮಾಲೆ ಹಾಕಿಕೊಂಡ ಪೆಟ್ಟಿಗೆ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಇರ್ಲಿ ಬಿಡ ನೀಲಕ್ಕಾ, ನಾಳೆನೂ ಸೂಟಿ ಐತಲ್ಲ," ಅಂದುಬಿಟ್ಟರು. ನನ್ನ ಮಾತಿಗೆ ಬೆಲೆಯೇ ಇಲ್ಲವೆಂದು ಮುಖ ಗಡಿಗೆ ಮಾಡಿಕೊಂಡು ಮನೆಗೆ ಹೋದೆ. ಪ್ರಸಾದದ ಕೊಬ್ಬರಿಯನ್ನೂ ಮುಟ್ಟಲಿಲ್ಲ.

ಮರುದಿನ ಸೋಮವಾರ, ವಿಜಯದಶಮಿ. ನಾನು ಮನೆಯಲ್ಲಿ ಕಡುಬಿನ ಕಣಕ ನಾದುತ್ತಿದ್ದೆ. ದವಾಖಾನೆಯಿಂದ ಫೋನು ಬಂತು: "ಲಗೂ ಬರ್ರಿ. ಹಳೇ ಕಾಗದ ಬೇಕಾಗೇತಿ." ಹಿಟ್ಟಿನ ಕೈ ತೊಳೆದೆನೋ ಇಲ್ಲವೋ, ಓಡಿದೆ.

ಥಿಯೇಟರಿನ ಎದುರು ಬಾಯವ್ವ ನಿಂತಿದ್ದಳು. ಆಕೆಯ ಮಗಳು ಮಂಜುಳಾ ಬಾಣಂತನಕ್ಕೆ ಸಂಪಗಾಂವಕ್ಕೆ ಬಂದಿದ್ದಳು, ಬೆಳಿಗ್ಗೆ ಅವಳಿಗೆ ಇದ್ದಕ್ಕಿದ್ದಂತೆ ರಕ್ತ ಹೋಗಲು ಶುರುವಾಗಿತ್ತು. ಹಸನಸಾಬ ಗಾಡಿ ಒಯ್ದು ಕರೆತಂದಿದ್ದ. ಕೂಸನ್ನು ಕೂಡಲೇ ಹೊಟ್ಟೆ ಕೊಯ್ದು ತೆಗೆಯಬೇಕು. ಬಿ.ಪಿ. ಬಹಳ ಇಳಿದಿದ್ದರಿಂದ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವಂತಿಲ್ಲ, ಪೂರ್ತಿ ಎಚ್ಚರ ತಪ್ಪಿಸಿಯೇ ಮಾಡಬೇಕು. ಅರಿವಳಿಕೆ ಡಾಕ್ಟರು ತಯಾರಾಗುತ್ತಿದ್ದಾಗ ಬಾಯವ್ವ ಅವರ ದಾರಿಗೆ ಅಡ್ಡ ನಿಂತಿದ್ದಳು.

"ನನಗ ಒಂದ ಸೂಜಿ ತಡೀಲಿಲ್ರಿ ಸಾಹೇಬ್ರ. ಉಸರ ನಿಂತಿತ್ತು. ಮಕ್ಕಳಿಗೂ ಇರಬಹುದಂತ ದೊಡ್ಡ ಡಾಕ್ಟರ ಹೇಳಿದ್ರು. ಯಾವ ಸೂಜಿ ಅಂತ ನನಗ ಗೊತ್ತಿಲ್ಲ. ಕಾಗದದಾಗ ಬರದಾರ. ಆ ಕಾಗದಾ ನೋಡದ ನನ್ನ ಮಗಳಿಗಿ ಏನೂ ಚುಚ್ಚಬ್ಯಾಡ್ರಿ."

ಡಾಕ್ಟರು ಒಳ್ಳೆಯವರು, ಆಕೆಯನ್ನು ಗದರಿಸಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು: "ನನಗ ಎರಡ ಔಷಧದ ಮ್ಯಾಲ ಸಂಶೆ ಅದ. ಒಂದು ಕೊಡಬಾರದು ಅಂದ್ರ ಇನ್ನೊಂದು ಕೊಡಬೇಕು. ಯಾವುದು ಅನ್ನೂದು ತಿಳೀದಿದ್ದರ ಬೆಳಗಾವಿಗೆ ಕಳಸೂದು ಚಲೋ. ಆದರ ಈ ರಕ್ತ ಬೆಳಗಾವಿತನಕಾ ಕಾಯೂ ಹಂಗ ಕಾಣಸೂದಿಲ್ಲ. ಕಾಗದ ಅದ ಏನು?"

"ಐತ್ರಿ," ಅಂದೆ. ಅರಿಷಿಣ ಹಚ್ಚಿದ ಕಾಗದ. ದೊಡ್ಡ ಡಾಕ್ಟರು ತೀಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

ರೆಕಾರ್ಡ್ ಕೋಣೆಗೆ ಓಡಿದರೆ ಹಸನಸಾಬ ನನಗಿಂತ ಮೊದಲೇ ಅಲ್ಲಿದ್ದ. ಮಾಲೆ ತೆಗೆದು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ. "ಬಿಸ್ಮಿಲ್ಲಾ," ಎಂದು ಗುಂಡಿ ಒತ್ತಿದ. ಒಂದು ಹಸಿರು ದೀಪ ಹತ್ತಿತು. ಇನ್ನೊಂದು ಹತ್ತಲಿಲ್ಲ. ಫ್ಯಾನು ಗುರ್ ಎಂದಿತು. ನಿನ್ನೆಯ ಆ ಒಂದು ಹನಿ ನೀರಿಗೆ, ಆ ತೆಂಗಿನಕಾಯಿಗೆ, ಹಸನಸಾಬನಿಗೆ, ನಕ್ಕ ಡಾಕ್ಟರಬಾಯಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಬೈದೆ. ಆಮೇಲೆ ಎರಡನೆಯ ದೀಪವೂ ಹತ್ತಿತು.

ನನ್ನ ಮೇಜಿಗೆ ಬಂದು 'ಶಾಶ್ವತ' ಖಾನೆ ತೆರೆದೆ. ತೊಂಬತ್ನಾಲ್ಕು. ಸಂಪಗಾಂವ. ಬಾಯವ್ವ.

ಇಲ್ಲ.

ಮತ್ತೆ ನೋಡಿದೆ. ಬಾಯವ್ವ ಇಲ್ಲ. ಹೆಸರನ್ನು ಬೇರೆ ಬೇರೆ ರೀತಿ ಒತ್ತಿ ನೋಡಿದೆ. ಇಲ್ಲ. ಆ ಖಾನೆಯಲ್ಲಿ ತೊಂಬತ್ನಾಲ್ಕರ ಕಾಗದಗಳೇ ಬೆರಳೆಣಿಕೆಯಷ್ಟು. ಬಾಯವ್ವ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಆಕೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಎಕ್ಕಾ, ಸಿಗ್ತೇನ?"

ನನ್ನ ಕೈ ತಾನಾಗಿ 'ಹತ್ತು ವರ್ಷ'ದ ಖಾನೆಗೆ ಹೋಯಿತು. ಅಲ್ಲಿ ಯಾಕಿರುತ್ತದೆ ಎಂದುಕೊಳ್ಳುತ್ತಲೇ ತೆರೆದೆ. ತೊಂಬತ್ನಾಲ್ಕು. ಸಂಪಗಾಂವ.

ಇತ್ತು!

ದೊಡ್ಡ ಡಾಕ್ಟರ ಸಾಲು ಹಿಡಿದು ಬರೆದ ದುಂಡು ಅಕ್ಷರ ಪರದೆಯ ತುಂಬ ಬಂತು. ಅರಿವಳಿಕೆ ಡಾಕ್ಟರು ನನ್ನ ಹೆಗಲ ಮೇಲಿಂದ ಬಾಗಿ ಓದಿದರು, ಇಂಜೆಕ್ಷನ್ನಿನ ಹೆಸರಿನ ಮೇಲೆ ಬೆರಳಿಟ್ಟರು. "ಇದ ನೋಡ್ರಿ. ಇದನ್ನ ನಾ ಮೊದಲು ಕೊಡೂವಿದ್ದೆ," ಎಂದರು. ಅಷ್ಟೇ ಮಾತು. ತಿರುಗಿ ಥಿಯೇಟರಿಗೆ ಹೋದರು. ಬಾಗಿಲು ಮುಚ್ಚಿತು.

ನಾನು ಕುರ್ಚಿಯಲ್ಲೇ ಕುಳಿತೆ. ಪರದೆಯ ಮೇಲಿನ ಕಾಗದ ಹಾಗೇ ತೆರೆದಿತ್ತು. ಮೂಲೆ ನೋಡಿದೆ. ಬೆಳ್ಳಗಿತ್ತು. ಅರಿಷಿಣದ ಸುಳಿವೇ ಇಲ್ಲ. ಆಗ ನನ್ನ ತಲೆಯೊಳಗೆ ಬೆಳಕಾಯಿತು. ಕಪ್ಪು-ಬಿಳಿಯಲ್ಲಿ ಹಳದಿ ಎಲ್ಲಿ ಕಾಣುತ್ತದೆ? ಅರಿಷಿಣದ ಜೊತೆ ದೊಡ್ಡ ಡಾಕ್ಟರ ಬೆರಳಿಗಂಟಿದ್ದ ಕುಂಕುಮವೂ ಬಿದ್ದ ಕೆಲವು ಕಾಗದಗಳಲ್ಲಿ ಮಾತ್ರ ಕಪ್ಪು ಕಲೆ ಬಂದಿತ್ತು. ಪಾಪ, ಸಿಮ್ರನ ಆ ಕಲೆ ಕಂಡವನ್ನಷ್ಟೇ ಶಾಶ್ವತಕ್ಕೆ ಹಾಕಿದ್ದಳು. ನಮ್ಮ ಹಳದಿ ಮೂಲೆಗಳೆಲ್ಲ ಹತ್ತು ವರ್ಷದ ಖಾನೆಯಲ್ಲಿ ಬಿದ್ದಿದ್ದವು. ಅರಿಷಿಣ ಕಾಣದೇ ಹೋದೀತು ಎಂದು ನಮ್ಮ ಊರಲ್ಲಿ ಯಾರಿಗೆ ತಾನೇ ಹೊಳೆಯುತ್ತದೆ?

ಫೋನು ಮಾಡಿ ಶಾನವಾಜನನ್ನು ಕರೆಸಿದೆ. ನಾನು ಹೇಳಿದ್ದು ಕೇಳಿ ಅವನ ಮುಖ ಬಿಳಿಚಿತು. ಕಂಪ್ಯೂಟರಿನ ಎದುರು ಕುಳಿತು ಅದೇನೋ ತೆರೆದು ನೋಡತೊಡಗಿದ.

"ಅಕ್ಕಾರ, ಇವತ್ತ ಎಷ್ಟನೇ ತಾರೀಖು?"

"ಎರಡು. ಗಾಂಧಿ ಜಯಂತಿ."

"ಹಂಗಾರ ನಿನ್ನಿ ಒಂದು." ಅವನ ದನಿ ಸಣ್ಣದಾಯಿತು. "ನಿನ್ನಿ ರಾತ್ರಿ ಅಳಸಬೇಕಾಗಿತ್ರಿ ಇದು. ಹತ್ತ ವರ್ಷ ದಾಟಿದ್ದು ಎಲ್ಲಾ. ಎರಡೂ ಡಿಸ್ಕಿನಾಗಿಂದ. ಮತ್ತ ತಗ್ಯಾಕ ಬರತಿರಲಿಲ್ಲ."

"ಮತ್ಯಾಕ ಅಳಸಲಿಲ್ಲ?"

"ಪೆಟಿಗಿ ಚಾಲೂ ಇದ್ದಿದ್ದಿಲ್ಲಲ್ರಿ. ಅದು ಹೊತ್ತಿಗೆ ಸರಿಯಾಗಿ ಎದ್ದಿದ್ದರ ಅಳಸತಿತ್ತು. ಹೊತ್ತು ತಪ್ಪಿದ್ದಕ್ಕ ಬಿಟ್ಟಬಿಟ್ಟೈತಿ. ಇನ್ನ ಅದರ ಪಾಳಿ ಬರೂದು ಮುಂದಿನ ತಿಂಗಳಾ." ಅವನು ತಲೆಯ ಮೇಲೆ ಕೈ ಹೊತ್ತ. "ಯಾರ ಬಂದ್ ಮಾಡಿದ್ರು ಇದನ್ನ?"

ನಿನ್ನೆ ಸಂಜೆ ಗುಂಡಿಗೆ ಚಾಚಿದ್ದ ನನ್ನ ಕೈಯನ್ನೇ ನೋಡಿಕೊಂಡೆ. ಆ ಮನುಷ್ಯ ಕೈ ಮುಗಿದು ನಿಂತಿರದಿದ್ದರೆ, ಡಾಕ್ಟರಬಾಯಿ ನಕ್ಕಿರದಿದ್ದರೆ, ನಾನು ಒತ್ತಿಯೇಬಿಡುತ್ತಿದ್ದೆ. ಅವರಿಬ್ಬರನ್ನೂ ನೆನೆದು ನನ್ನ ಕಣ್ಣು ತುಂಬಿದವು. ನಾನು ಅಳುವುದನ್ನು ಶಾನವಾಜ ಹಿಂದೆಂದೂ ನೋಡಿರಲಿಲ್ಲ. ಹೆದರಿ ನೀರು ತರಲು ಎದ್ದ.

ಥಿಯೇಟರಿನ ಬಾಗಿಲು ತೆರೆದಾಗ ಮೊದಲು ಕೇಳಿಸಿದ್ದು ಕೂಸಿನ ಅಳು. ಹೆಣ್ಣು ಕೂಸು. ಡಾಕ್ಟರಬಾಯಿ ಹೊರಗೆ ಬಂದು, ಮಂಜುಳಾಳಿಗೆ ಎಚ್ಚರ ಬಂತು, ತಾನೇ ಉಸಿರಾಡುತ್ತಿದ್ದಾಳೆ, ನೀರು ಕೇಳುತ್ತಿದ್ದಾಳೆ, ಇನ್ನೂ ಕೊಡುವಂತಿಲ್ಲ ಎಂದರು. ಬಾಯವ್ವ ಗೋಡೆಗೆ ಒರಗಿ ಹಾಗೇ ಕೆಳಗೆ ಕುಳಿತಳು. ಎರಡೂ ಕೈ ನೆಲಕ್ಕೆ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು.

"ನಿಮ್ಮ ಪುಣ್ಯಾ, ಎಕ್ಕಾ," ಎಂದಳು ನನಗೆ. "ನೀವು ಕಾಗದಾ ಜ್ವಾಕಿ ಮಾಡಿದ್ರಿ."

ಸುಮ್ಮನೆ ತಲೆಯಾಡಿಸಿ ಆ ಪುಣ್ಯವನ್ನು ನಾನು ಇಟ್ಟುಕೊಳ್ಳಬಹುದಿತ್ತು. ಆದರೆ ಅಂಥ ಪುಣ್ಯ ಗಂಟಲಲ್ಲಿ ಇಳಿಯುವುದಿಲ್ಲ. ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ. ಅರಿಷಿಣದ್ದು, ಕಪ್ಪು-ಬಿಳಿಯದ್ದು, ಪೆಟ್ಟಿಗೆ ತಾನೇ ಅಳಿಸುವುದು, ಹಸನಸಾಬ ಅದನ್ನು ಆರಿಸಿದ್ದು, ನಾನು ಬೈದದ್ದು. ಎಷ್ಟು ತಿಳಿಯಿತೋ, ಒಂದು ಮಾತನ್ನಂತೂ ಆಕೆ ಹಿಡಿದುಕೊಂಡಳು.

"ಹಸನಸಾಬ ಅಂದ್ರ ಅವರ ಏನ? ಅವತ್ತ ನನಗ ಗಾಳಿ ಹಾಕಿದವರು?"

"ಅವರ."

ಸಂಜೆಗೆ ಊರವರು ಬನ್ನಿ ತಂದರು. ದವಾಖಾನೆಯ ಅಂಗಳದಲ್ಲಿ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟುಕೊಳ್ಳುತ್ತಿದ್ದರು. ಹಸನಸಾಬ ಮತ್ತು ಶಾನವಾಜ ಮೆಟ್ಟಿಲ ಮೇಲೆ ಕುಳಿತು, ರೋಜಾ ಬಿಡುವ ಹೊತ್ತಿಗಾಗಿ ಮಸೀದಿಯ ಕಡೆ ಕಿವಿ ಇಟ್ಟಿದ್ದರು. ಮುಂದೆ ಒಂದು ಕಾಗದದ ಮೇಲೆ ಖರ್ಜೂರ, ನಿನ್ನೆಯ ಪೂಜೆಯ ಕೊಬ್ಬರಿ. ಬಾಂಗ್ ಕೇಳಿಸಿತು. ಇಬ್ಬರೂ ಖರ್ಜೂರ ಬಾಯಿಗಿಟ್ಟರು, ನೀರು ಕುಡಿದರು. ಬಾಯವ್ವ ಅಲ್ಲಿಯವರೆಗೂ ಸುಮ್ಮನೆ ನಿಂತಿದ್ದು, ಆಮೇಲೆ ಹತ್ತಿರ ಹೋಗಿ ಬನ್ನಿ ಎಲೆ ಚಾಚಿದಳು.

"ಬನ್ನಿ ತಗೊಂಡ ಬಂಗಾರದಂಗ ಇರೂಣು, ಅಣ್ಣಾರ."

ಹಸನಸಾಬ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ಬಾಯವ್ವ ಬಗ್ಗಿ ಕಾಲು ಮುಟ್ಟಲು ಹೋದಳು. ಅವನು ಗಾಬರಿಯಾಗಿ ಹಿಂದೆ ಸರಿದ.

"ಬ್ಯಾಡ ತಂಗೀ, ಬ್ಯಾಡ. ನಾ ಏನ ಮಾಡೇನಿ?"

"ಚಾಚಾ," ಎಂದ ಶಾನವಾಜ, "ಖರೇ ಹೇಳ್ರಿ. ಟಿ.ವಿ.ಗೆ ಹೂ ಹಾಕ್ತೀರಿ, ಫ್ರಿಜ್ಜಿಗೆ ಹೂ ಹಾಕ್ತೀರಿ, ಬಂದ್ ಮಾಡಂಗಿಲ್ಲ. ಇದೊಂದನ್ನ ಯಾಕ ಬಂದ್ ಮಾಡಿದ್ರಿ?"

ಹಸನಸಾಬ ನಾಚಿಕೊಂಡ. ಬನ್ನಿ ಎಲೆಯನ್ನು ಬೆರಳಲ್ಲಿ ತಿರುಗಿಸಿದ.

"ನಗಬ್ಯಾಡ್ರಿ ಮತ್ತ. ಈ ತಂಗಿಗೆ ಅವತ್ತ ಗಾಳಿ ಹಾಕಾಕತ್ತಿದ್ದೆ. ಕೈ ಸೆಟದು ಹೋಗಿತ್ತು. ಬಿಟ್ಟರ ಹ್ಯಾಂಗ ಅಂತ ಅಂಜಿಕಿ. ಆಮ್ಯಾಲ ಈಕಿ ತಾನ ಉಸರ ಎಳಕೊಂಡ್ಲು. ದೊಡ್ಡ ಡಾಕ್ಟರ ನನ್ನ ಮುಂಗೈ ಹಿಡದು, 'ಸಾಕ ಹಸನಸಾಬ, ಇನ್ನ ಕೈಗೆ ವಿಶ್ರಾಂತಿ ಕೊಡು' ಅಂದ್ರು. ಆ ಮಾತು, ಆ ಹೊತ್ತು, ನಾ ಮರ್ತಿಲ್ಲ. ಈ ಪೆಟಿಗಿ ಬಂದಾಗಿಂದ ನೋಡಾಕತ್ತೇನಿ, ಹಗಲೂ ರಾತ್ರಿ ಅದರ ಫ್ಯಾನ್ ಉಸರ ಬಿಟ್ಟಂಗ ಬುಸ್ ಬುಸ್ ಅಂತಿರತೈತಿ. ನಿಂದ್ರೂ ಮಾತ ಇಲ್ಲ. ಅದಕ್ಕೂ ಒಬ್ಬರು ಸಾಕು ಅನ್ನಬೇಕಲ್ಲಾ ಅನ್ನಿಸ್ತು. ಅದಕ್ಕ."

ಯಾರೂ ನಗಲಿಲ್ಲ. ಬಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ಹಸನಸಾಬನ ಮುಂದಿದ್ದ ಕೊಬ್ಬರಿಯ ಒಂದು ತುಂಡು ಎತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ನಿನ್ನೆಯೇ ತಿನ್ನಬೇಕಾಗಿದ್ದ ಪ್ರಸಾದ.

"ನಿನ್ನಿ ನಿಮಗ ಭಾಳ ಅಂದೆ, ಹಸನಸಾಬ."

"ದಿನಾ ಅಂತೀರಲ್ರಿ," ಎಂದ ಅವನು. ಆಗ ಮಾತ್ರ ಎಲ್ಲರೂ ನಕ್ಕರು.

ಶಾನವಾಜ 'ಹತ್ತು ವರ್ಷ'ದ ನಿಯಮವನ್ನು ಅಂದೇ ಕಿತ್ತುಹಾಕಿದ. ಇನ್ನು ಮುಂದೆ ಪೆಟ್ಟಿಗೆ ತಾನಾಗಿ ಏನನ್ನೂ ಅಳಿಸುವಂತಿಲ್ಲ. ಹೊತ್ತು ಮೀರಿದ ಕಾಗದಗಳ ಹೆಸರು ತೋರಿಸಬೇಕು, ಓದಿ ನೋಡಿ ಮನುಷ್ಯರು ಒಪ್ಪಬೇಕು. ಸಿಮ್ರನ, ನಾನು, ಡಾಕ್ಟರಬಾಯಿ ಮೂವರೂ ಆ ಚಳಿಗಾಲವೆಲ್ಲ ಕುಳಿತು ಒಂದೊಂದೇ ಕಾಗದ ಓದಿ, ಅರಿಷಿಣದವರನ್ನೆಲ್ಲ ಅವರ ಜಾಗಕ್ಕೆ ತಂದೆವು. ಖಂಡೇ ಪೂಜೆಯ ದಿನ ಪೆಟ್ಟಿಗೆಗೆ ವಿಶ್ರಾಂತಿ ಎಂಬುದು ನಮ್ಮ ದವಾಖಾನೆಯ ನಿಯಮವೇ ಆಯಿತು. ಕಮಿಟಿಯವರು ಅದನ್ನು ಠರಾವಿನಲ್ಲಿ ಬರೆದರು. ಯಾಕೆ ಎಂಬ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ 'ರೂಢಿ' ಎಂದು ಬರೆದರು.

ಆದರೆ ಅವೆಲ್ಲ ಆಮೇಲಿನ ಮಾತು. ಆ ಸಂಜೆಯೇ ನಾನು ಒಂದು ಕೆಲಸ ಮಾಡಿದೆ. ಹೊಸ ಕೂಸಿನ ಕೇಸ್ ಪೇಪರ್ ತೆಗೆದೆ. ಅಜ್ಜಿಗೆ ಆಗದ ಇಂಜೆಕ್ಷನ್ನಿನ ಹೆಸರನ್ನು ಡಾಕ್ಟರಬಾಯಿಯಿಂದ ಅದರಲ್ಲಿ ದೊಡ್ಡದಾಗಿ ಬರೆಸಿದೆ. ಬಾಯವ್ವನ ರಕ್ತ ಈ ಕೂಸಿನಲ್ಲೂ ಹರಿಯುತ್ತಿದೆಯಲ್ಲ, ಮುಂದೆಂದೋ ಯಾವುದೋ ಥಿಯೇಟರಿನ ಎದುರು ಇದು ಬೇಕಾಗಬಹುದು. ಪೂಜೆಯ ತಟ್ಟೆಯಲ್ಲಿ ಇನ್ನೂ ಅರಿಷಿಣವಿತ್ತು. ಒಂದು ಹನಿ ನೀರು ಹಾಕಿ ಕಲಸಿ, ಹಸನಸಾಬನ ಮುಂದೆ ಹಿಡಿದೆ.

"ನಾನ?" ಎಂದ.

"ನೀವ."

ಒಂದಾನೊಂದು ದಿನ ರಬ್ಬರ್ ಚೀಲ ಒತ್ತಿ ಒತ್ತಿ ಸೆಟೆದ ಆ ಕೈಯ ಹೆಬ್ಬೆರಳನ್ನು ಅವನು ಅರಿಷಿಣದಲ್ಲಿ ಅದ್ದಿ, ಕೂಸಿನ ಕಾಗದದ ಮೂಲೆಗೆ ಒತ್ತಿದ. ತೀಡಲಿಲ್ಲ, ಒತ್ತಿ ಹಿಡಿದ. ಬೆರಳಿನ ಗೆರೆಗಳೆಲ್ಲ ಹಳದಿಯಾಗಿ ಮೂಡಿದವು. ಬಾಯವ್ವ ಕೂಸನ್ನು ಎದೆಗಪ್ಪಿಕೊಂಡು ನೋಡುತ್ತಿದ್ದಳು. ಅರಿಷಿಣ ಆರಿದ ಮೇಲೆ ಶಾನವಾಜ ಆ ಕಾಗದವನ್ನು ಸ್ಕ್ಯಾನ್ ಮಾಡಿ ಶಾಶ್ವತದ ಖಾನೆಗೆ ಹಾಕಿದ. ಈ ಸಲ ಬಣ್ಣದಲ್ಲಿ ಮಾಡಿದ.